ಸ್ನಾತಕೋತ್ತರ ಸಂಸ್ಥೆಯ ಹೊಣೆ ಹೊತ್ತವರೇ, ಹೊಸ ಸೆಮಿಸ್ಟರ್‌ಗೆ ಮೊದಲು ಏನು ಮಾಡಿದಿರಿ?

ಪ್ರಶ್ನೆ: ನಮಸ್ಕಾರ. ವಿಶ್ವವಿದ್ಯಾಲಯದ ಸ್ನಾತಕೋತ್ತರ ಸಂಸ್ಥೆಗೆ ನನ್ನನ್ನು ನಿರ್ದೇಶಕಿ ಮಾಡಿದ್ದಾರೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಪಿಎಚ್‌.ಡಿಗೆ ಗೈಡ್ ಆಗಿದ್ದೇನೆ, ಆದರೆ ಆಡಳಿತ ಹೊಸದು. ತರಗತಿ ಶುರುವಾಗಲು ಮೂರು ವಾರ ಇದೆ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಉತ್ತರ: ಮೇಡಂ, ನಾನು ಆರು ವರ್ಷ ಈ ಕೆಲಸ ಮಾಡಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ ಆದ ತಪ್ಪನ್ನೇ ಹೇಳುತ್ತೇನೆ. ಆಗ ನನ್ನ ಗಮನವೆಲ್ಲ ಹೊಸದಾಗಿ ಸೇರಿದವರ ಕಡೆಗೇ ಇತ್ತು. ಸ್ವಾಗತ ಕಾರ್ಯಕ್ರಮ, ಟೈಮ್ ಟೇಬಲ್, ಕೊಠಡಿ ಹಂಚಿಕೆ, ಹಾಸ್ಟೆಲ್ ಅಂತ ಒಂದು ತಿಂಗಳು ಹೋಯಿತು. ಅದೇ ಹೊತ್ತಿಗೆ ಪಿಎಚ್‌.ಡಿ ನಾಲ್ಕನೇ ವರ್ಷದಲ್ಲಿದ್ದ ಒಬ್ಬ ಹುಡುಗಿಯ ಗೈಡ್ ನಿವೃತ್ತರಾಗಿದ್ದರು. ಬೇರೆ ಗೈಡ್ ಕೊಡಿ ಅಂತ ಅವಳು ಬರೆದ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಲೇ ಇತ್ತು. ಪ್ರಗತಿ ವರದಿಗೆ ಸಹಿ ಹಾಕುವವರು ಇಲ್ಲ, ಹಾಗಾಗಿ ಫೆಲೋಶಿಪ್ ನಿಂತುಹೋಯಿತು. ಐದು ತಿಂಗಳು! ಅರ್ಜಿ ಕೊಟ್ಟ ಮೇಲೆ ಅವಳು ಮತ್ತೆ ಬಂದು ಕೇಳಲಿಲ್ಲ, ನಾವೂ ವಿಚಾರಿಸಲಿಲ್ಲ. ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಸಬರು ಗುಂಪಾಗಿ ಬರುತ್ತಾರೆ, ಕೇಳುತ್ತಾರೆ, ಜಗಳವನ್ನೂ ಆಡುತ್ತಾರೆ. ಕೋರ್ಸ್‌ವರ್ಕ್ ಮುಗಿಸಿದವರಿಗೆ ತರಗತಿ ಇಲ್ಲ, ಹಾಜರಿ ಇಲ್ಲ. ಅವರು ಬರದಿದ್ದರೆ ಯಾರಿಗೂ ಗೊತ್ತಾಗುವುದೇ ಇಲ್ಲ, ಅಲ್ವಾ?

ಹಾಗಾಗಿ ಈ ಮೂರು ವಾರದಲ್ಲಿ ಒಂದು ಪಟ್ಟಿ ಮಾಡಿ. ಸಂಶೋಧನೆಯಲ್ಲಿರುವ ಪ್ರತಿಯೊಬ್ಬರ ಹೆಸರು, ಗೈಡ್ ಯಾರು, ಅವರ ನಿವೃತ್ತಿ ಅಥವಾ ದೀರ್ಘ ರಜೆ ಯಾವಾಗ, ಇಬ್ಬರೂ ಕೊನೆಯ ಸಲ ಕೂತು ಮಾತಾಡಿದ್ದು ಯಾವಾಗ, ಹಣ ಯಾವ ತಿಂಗಳವರೆಗೆ ಬರುತ್ತದೆ, ನೋಂದಣಿ ಅವಧಿ ಎಂದು ಮುಗಿಯುತ್ತದೆ. ಇಷ್ಟು ಸಾಕು. ಕಚೇರಿಯಲ್ಲಿ ತುಂಬಾ ವರ್ಷದಿಂದ ಇರುವ ಗುಮಾಸ್ತರ ಜೊತೆ ಕೂತು ಮಾಡಿ, ಫೈಲಿನಲ್ಲಿ ಇಲ್ಲದ್ದೂ ಅವರಿಗೆ ಗೊತ್ತಿರುತ್ತದೆ. ಕೊನೆಯ ಭೇಟಿಯ ಜಾಗ ಯಾರ ಹೆಸರಿನ ಮುಂದೆ ಖಾಲಿ ಇದೆಯೋ ಅವರಿಗೆ ನೀವೇ ಫೋನ್ ಮಾಡಿ. ಇಮೇಲ್ ಬೇಡ, ಕಷ್ಟದಲ್ಲಿರುವವರು ಮೊದಲು ಬಿಡುವುದೇ ಇಮೇಲ್ ನೋಡುವುದನ್ನು.

ಇದು ನಮ್ಮೊಬ್ಬರ ಅನುಭವವಲ್ಲ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 3,659 ಪಿಎಚ್‌.ಡಿ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 32 ಮಂದಿ ಮಾನಸಿಕ ಕಾಯಿಲೆಯ, ಅದರಲ್ಲೂ ಖಿನ್ನತೆಯ ಅಪಾಯದಲ್ಲಿದ್ದರು. ಕೆಲಸದ ಹೊರೆ, ಮನೆ ಮತ್ತು ಕೆಲಸ ಎರಡನ್ನೂ ತೂಗಿಸುವ ಕಷ್ಟ, ಗೈಡ್ ನಡೆದುಕೊಳ್ಳುವ ರೀತಿ, ಇವಕ್ಕೂ ಅದಕ್ಕೂ ನಂಟು ಕಂಡಿತ್ತು. ಗೈಡ್ ನಡೆದುಕೊಳ್ಳುವ ರೀತಿಯ ಬಗ್ಗೆ ಸಂಸ್ಥೆ ಏನಾದರೂ ಮಾಡಬಹುದು. ನಾವು ಗೈಡ್ ಮತ್ತು ವಿದ್ಯಾರ್ಥಿ ಇಬ್ಬರೂ ಸೇರಿ ತುಂಬುವ ಒಂದು ಪುಟದ ಒಪ್ಪಂದ ತಂದೆವು: ಎಷ್ಟು ದಿನಕ್ಕೊಮ್ಮೆ ಭೇಟಿ, ಅಧ್ಯಾಯ ಕೊಟ್ಟರೆ ಎಷ್ಟು ದಿನದಲ್ಲಿ ತಿದ್ದಿ ವಾಪಸ್, ಲೇಖನದಲ್ಲಿ ಯಾರ ಹೆಸರು ಮೊದಲು. ಹಿರಿಯ ಪ್ರಾಧ್ಯಾಪಕರಿಗೆ ಸಿಟ್ಟು ಬಂತು. ಸಭೆಯಲ್ಲಿ ಎಲ್ಲರ ಮುಂದೆ ಹೇಳಿದ್ದು ನನ್ನ ತಪ್ಪು. ಆಮೇಲೆ ಒಬ್ಬೊಬ್ಬರ ಕೊಠಡಿಗೂ ಹೋಗಿ ಮಾತಾಡಿದೆ, ಬಹಳಷ್ಟು ಜನ ಒಪ್ಪಿದರು.

ಇನ್ನೊಂದು ಉತ್ತರ: ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಅದರ ಜೊತೆ ಕ್ಯಾಲೆಂಡರನ್ನು ಕೊನೆಯಿಂದ ಮೊದಲಿಗೆ ಬರೆಯಿರಿ. ಫಲಿತಾಂಶ ಎಂದು ಬರಬೇಕು, ಅದಕ್ಕೆ ಮೌಲ್ಯಮಾಪನ ಎಂದು, ಪರೀಕ್ಷೆ ಎಂದು, ಪ್ರಶ್ನೆಪತ್ರಿಕೆ ಎಂದು ಕೈಗೆ ಬರಬೇಕು, ಹೀಗೆ. ಹದಿನಾರು ವಾರ ಅಂತ ಅಂದುಕೊಂಡದ್ದು ರಜೆ, ಸೆಮಿನಾರ್, ಕಿರುಪರೀಕ್ಷೆ ಕಳೆದರೆ ಹದಿಮೂರಕ್ಕೆ ಇಳಿಯುತ್ತದೆ. ಅತಿಥಿ ಉಪನ್ಯಾಸಕರ ನೇಮಕದ ಆದೇಶ ಮೊದಲ ದಿನಕ್ಕೇ ಕೈಯಲ್ಲಿರಲಿ. ಆದೇಶ ಬರದೆ ಅವರು ಸುಮ್ನೆ ಬಂದು ಪಾಠ ಮಾಡುವುದು ಅನ್ಯಾಯ.

ಮತ್ತೊಂದು: ನಾವು ಐದನೇ ವಾರದಲ್ಲಿ ಮೂರು ನಿಮಿಷದ ಥೀಸಿಸ್ ಸ್ಪರ್ಧೆ ಇಡುತ್ತೇವೆ. 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಒಂದೇ ಸ್ಲೈಡ್, ಮೂರೇ ನಿಮಿಷದಲ್ಲಿ ತಮ್ಮ ಸಂಶೋಧನೆ ಹೇಳಬೇಕು, ಬೇರೆ ವಿಷಯದವರಿಗೂ ಅರ್ಥವಾಗಬೇಕು. ಬಹುಮಾನಕ್ಕಿಂತ ಜಾಸ್ತಿ ಉಪಯೋಗ ಏನೆಂದರೆ, ಹಳೆಯ ವಿದ್ಯಾರ್ಥಿಗಳು ಕೊಠಡಿಯಿಂದ ಹೊರಗೆ ಬರುತ್ತಾರೆ, ಅವರ ಕೆಲಸ ಎಲ್ಲಿಗೆ ಬಂದಿದೆ ಅಂತ ನಮಗೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಗುಮಾಸ್ತರ ಜೊತೆ ಕೂತು ಪಟ್ಟಿ ಮಾಡಿದೆ. ಏಳು ಜನರ ಮುಂದೆ ಕೊನೆಯ ಭೇಟಿಯ ಜಾಗ ಖಾಲಿ ಇದೆ, ಅದರಲ್ಲಿ ಇಬ್ಬರು ನನ್ನದೇ ವಿಭಾಗದವರು. ಇವತ್ತು ಮೂವರಿಗೆ ಫೋನ್ ಮಾಡಿದೆ. ಒಬ್ಬರು ನಾಳೆ ಬೆಳಿಗ್ಗೆ ಬರುತ್ತೇನೆ ಅಂದಿದ್ದಾರೆ.