ಬುಲ್ಸ್ ತಂಡ ಸೋತದ್ದು ಅಂಕಣದಲ್ಲೋ, ಹರಾಜಿನಲ್ಲೋ?

ಅಂಕೋಲೆಯ ಕಬಡ್ಡಿಪ್ರೇಮಿ (2 ಜನವರಿ 2025)

ಪ್ರೊ ಕಬಡ್ಡಿಯ ಹನ್ನೊಂದನೇ ಆವೃತ್ತಿ ಮೊನ್ನೆ ಪುಣೆಯಲ್ಲಿ ಮುಗಿಯಿತು. ಪಾಟ್ನಾ ಪೈರೇಟ್ಸ್ ತಂಡವನ್ನು 32-23ರಿಂದ ಮಣಿಸಿ ಹರಿಯಾಣ ಸ್ಟೀಲರ್ಸ್ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ನಮ್ಮ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡೇ ಎರಡನ್ನು ಗೆದ್ದು, ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಉಳಿಯಿತು. ಆಟವೆಂದ ಮೇಲೆ ಸೋಲು ಇದ್ದದ್ದೇ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಈ ಸೋಲಿನ ಬಹುಪಾಲು ಕಳೆದ ಆಗಸ್ಟ್‌ನ ಹರಾಜಿನಲ್ಲೇ ನಿರ್ಧಾರವಾಗಿತ್ತು ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

2018ರಲ್ಲಿ 52.8 ಲಕ್ಷ ರೂಪಾಯಿಗೆ ಬಂದ ಪವನ್ ಸೆಹ್ರಾವತ್, 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗುಜರಾತ್ ವಿರುದ್ಧ ಒಬ್ಬರೇ 22 ಅಂಕ ಗಳಿಸಿ ನಮಗೆ ಕಪ್ ತಂದುಕೊಟ್ಟರು. ಅಂಥವರನ್ನು 2022ರಲ್ಲಿ ಕೈಬಿಟ್ಟೆವು. ಅವರ ಜಾಗ ತುಂಬಿದ ಭರತ್ ಹೂಡಾ ಅವರನ್ನೂ ಈ ಸಲ ಬಿಟ್ಟುಕೊಟ್ಟು, 70 ಲಕ್ಷಕ್ಕೆ ಪರ್ದೀಪ್ ನರ್ವಾಲ್ ಅವರನ್ನು ಕೊಂಡು ನಾಯಕತ್ವವನ್ನೂ ಕೊಟ್ಟೆವು. ಎದುರಾಳಿಗಳ ಕೈಕೆಳಗೆ ಬಾಗಿ ನುಸುಳಿ ಬರುವ ಪರ್ದೀಪ್ ಅವರ ಡುಬ್ಕಿ ನೋಡಿಯೇ ನಾನು ಟಿ.ವಿ.ಯಲ್ಲಿ ಕಬಡ್ಡಿ ನೋಡುವುದನ್ನು ಕಲಿತವನು, ಆ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಅವರು ಒಂದೇ ಆವೃತ್ತಿಯಲ್ಲಿ 369 ರೇಡ್ ಅಂಕ (ಎದುರಾಳಿಯ ಅಂಕಣಕ್ಕೆ ನುಗ್ಗಿ ತಂದ ಅಂಕ) ಗಳಿಸಿದ್ದು 2017ರಲ್ಲಿ, ನಾವು ಅವರನ್ನು ಕೊಂಡದ್ದು 2024ರಲ್ಲಿ. ಅಕ್ಟೋಬರ್ 18ರಂದು ಮೊದಲ ಪಂದ್ಯದಲ್ಲೇ ತೆಲುಗು ಟೈಟನ್ಸ್ ನಮ್ಮನ್ನು 37-29ರಿಂದ ಸೋಲಿಸಿತು, ಎದುರಾಳಿ ತಂಡದ ನಾಯಕ ಅದೇ ಪವನ್! ಅಂದು ಟಿ.ವಿ. ಆರಿಸಿ ಅಂಗಳಕ್ಕೆ ಬಂದು ಕುಳಿತವನಿಗೆ ಊಟ ಸೇರಲಿಲ್ಲ.

ನಿಮ್ಮ ಅಭಿಪ್ರಾಯವೇನು? ನಮ್ಮವರು ಹರಾಜಿನಲ್ಲಿ ಆಟಕ್ಕೆ ಬೆಲೆ ಕಟ್ಟುತ್ತಾರೋ, ಹೆಸರಿಗೆ ಬೆಲೆ ಕಟ್ಟುತ್ತಾರೋ?

ಶಿರಸಿಯ ಲೆಕ್ಕಿಗ (2 ಜನವರಿ)

ನಿಮ್ಮ ಸಿಟ್ಟು ನನಗೂ ಇದೆ, ಆದರೆ ಅದರಲ್ಲಿ ಅರ್ಧ ತಪ್ಪು ಜಾಗದಲ್ಲಿದೆ ಎಂದು ಹೇಳಲೇಬೇಕು.

ಪವನ್ ವಿಷಯವನ್ನೇ ಮೊದಲು ನೋಡೋಣ. 2022ರಲ್ಲಿ ತಮಿಳ್ ತಲೈವಾಸ್ ತಂಡ ಪವನ್‌ಗೆ ಕೊಟ್ಟದ್ದು 2.26 ಕೋಟಿ. ಇಡೀ ತಂಡಕ್ಕೆ ಖರ್ಚು ಮಾಡಬಹುದಾದ ಮಿತಿ ಆಗ 4.4 ಕೋಟಿ ಇತ್ತು. ಒಬ್ಬ ಆಟಗಾರನಿಗೆ ಅರ್ಧಕ್ಕಿಂತ ಹೆಚ್ಚು ಹಣ ಸುರಿದರೆ ಉಳಿದ ಹಣದಲ್ಲಿ ಅಂಚಿನಲ್ಲಿ ನಿಲ್ಲುವ ಎರಡು ಕಾರ್ನರ್, ಅವರ ಒಳಬದಿಯ ಎರಡು ಕವರ್ ಡಿಫೆಂಡರ್‌ಗಳು, ಇನ್ನಿಬ್ಬರು ರೇಡರ್‌ಗಳು ಮತ್ತು ಬದಲಿ ಆಟಗಾರರನ್ನು ಹೊಂದಿಸಬೇಕಾಗುತ್ತದೆ. ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟಾಗಿ ಅವರ ಆ ಆವೃತ್ತಿಯೇ ಮುಗಿದುಹೋಯಿತು. ನಾವು ಅದೇ ವರ್ಷ ಭರತ್ ಮತ್ತು ವಿಕಾಸ್ ಕಂಡೋಲಾ ಅವರನ್ನು ಇಟ್ಟುಕೊಂಡು ಸೆಮಿಫೈನಲ್ ತಲುಪಿದ್ದೆವು. ಅಲ್ಲಿ ಜೈಪುರದ ಎದುರು 29-49ರಿಂದ ಕೆಟ್ಟದಾಗಿ ಸೋತೆವೆಂಬುದು ಬೇರೆ ಮಾತು. ಮರುವರ್ಷ 2.605 ಕೋಟಿ ಕೊಟ್ಟು ಪವನ್ ಅವರನ್ನು ತಂದ ಟೈಟನ್ಸ್ ಗೆದ್ದದ್ದೆಷ್ಟು? ಈ ವರ್ಷ ನಾವು ಗೆದ್ದಷ್ಟೇ, 22ರಲ್ಲಿ ಎರಡು. ಆದ್ದರಿಂದ ಪವನ್ ಒಬ್ಬರು ಇದ್ದಿದ್ದರೆ ಎಲ್ಲವೂ ಸರಿಯಿರುತ್ತಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕ್ಷಮಿಸಲಾಗದ್ದು ಈ ಬಾರಿಯ ಲೆಕ್ಕ. ಪರ್ದೀಪ್‌ಗೆ 70 ಲಕ್ಷ, ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಎರಡನ್ನೂ ಕೂಡಿದರೆ ಸುಮಾರು 1.80 ಕೋಟಿ ಆಯಿತು. ಅದೇ ಹರಾಜಿನಲ್ಲಿ ಯು.ಪಿ. ಯೋಧಾಸ್ 1.30 ಕೋಟಿಗೆ ಭರತ್ ಅವರನ್ನು ಕೊಂಡಿತು. ಟೈಟನ್ಸ್ ಅಂತಿಮ ಬಿಡ್ ಸರಿಗಟ್ಟುವ ಕಾರ್ಡ್ (ಬೇರೆಯವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ತನ್ನ ಆಟಗಾರನನ್ನು ಉಳಿಸಿಕೊಳ್ಳುವ ಅವಕಾಶ) ಬಳಸಿ 1.725 ಕೋಟಿಗೆ ಪವನ್ ಅವರನ್ನೇ ಉಳಿಸಿಕೊಂಡಿತು. ನಾವು ಇಬ್ಬರಿಗೆ ಕೊಟ್ಟದ್ದು ಪವನ್ ಒಬ್ಬರ ಬೆಲೆಗಿಂತಲೂ ಹೆಚ್ಚು. ಯು.ಪಿ. ಈ ಸಲ ಸೆಮಿಫೈನಲ್ ಆಡಿತು, ಅಲ್ಲಿ ಮಿಂಚಿದ ಇನ್ನೊಬ್ಬ ರೇಡರ್ ಕರ್ನಾಟಕದ ಹುಡುಗ ಗಗನ್ ಗೌಡ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಕಾರವಾರದ ನಿವೃತ್ತ ಮಾಸ್ತರು (3 ಜನವರಿ)

ಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಕಬಡ್ಡಿ ಕಲಿಸಿದವನಾಗಿ ಒಂದು ಮಾತು ಸೇರಿಸುತ್ತೇನೆ. ಇಬ್ಬರೂ ರೇಡರ್‌ಗಳ ಬೆಲೆಯಲ್ಲೇ ಸಿಕ್ಕಿಕೊಂಡಿದ್ದೀರಿ. ಸತತ ಎರಡು ರೇಡ್‌ಗಳಲ್ಲಿ ಅಂಕ ಬಾರದಿದ್ದರೆ ಮೂರನೆಯದು ಮಾಡು ಇಲ್ಲವೇ ಮಡಿ ರೇಡ್ ಆಗುತ್ತದೆ, ಅಲ್ಲಿ ಬರಿಗೈಯಲ್ಲಿ ಹಿಂದಿರುಗಿದವನು ಔಟ್. ಆ ಮೂವತ್ತು ಸೆಕೆಂಡಿಗೆ ಹೋಗುವವನು ಯಾರು ಎಂಬುದರ ಮೇಲೆ ಪಂದ್ಯ ನಿಂತಿರುತ್ತದೆ. ಹೆಸರಾಂತ ರೇಡರ್ ಔಟಾಗಿ ಹೊರಗೆ ಕುಳಿತಿರುವಾಗ ಅವನನ್ನು ಒಳಗೆ ತರಲು ಇನ್ನೊಬ್ಬ ರೇಡರ್ ಅಂಕ ತರಬೇಕು, ಇಲ್ಲವೇ ಡಿಫೆಂಡರ್‌ಗಳು ಎದುರಾಳಿಯನ್ನು ಹಿಡಿಯಬೇಕು. ನಮ್ಮಲ್ಲಿ ನಿತಿನ್ ರಾವಲ್ ಇಡೀ ಲೀಗಿನ ಅಗ್ರ ಡಿಫೆಂಡರ್‌ಗಳ ಸಾಲಿನಲ್ಲಿದ್ದರು. ಅವರು ಹಿಡಿದು ಹಿಡಿದು ಒಳಗೆ ತಂದ ರೇಡರ್ ಮರುಕ್ಷಣವೇ ಸಿಕ್ಕಿಬಿದ್ದು ಮತ್ತೆ ಹೊರಗೆ ಹೋಗುತ್ತಿದ್ದುದನ್ನು ನಾನು ಎಷ್ಟು ಪಂದ್ಯಗಳಲ್ಲಿ ನೋಡಿದೆನೋ ಲೆಕ್ಕವಿಲ್ಲ. ನಮಗೆ ಬೇಕಿದ್ದದ್ದು ಮೂರನೇ ರೇಡರ್. ಅಂಥವನು ಹರಾಜಿನಲ್ಲಿ ಕೋಟಿಗೆ ಹೋಗುವುದಿಲ್ಲ, ಹೆಚ್ಚೆಂದರೆ ಇಪ್ಪತ್ತು ಮೂವತ್ತು ಲಕ್ಷಕ್ಕೆ ಸಿಗುತ್ತಾನೆ; ಆದರೆ ಅವನನ್ನು ಹುಡುಕುವವರು ಬೇಕು.

ಕುಮಟಾದಿಂದ (3 ಜನವರಿ)

ಹುಡುಕುವವರಿಗೆ ನಮ್ಮ ಕರಾವಳಿ ಕಾಣಿಸುವುದೂ ಇಲ್ಲ. ಇಲ್ಲಿಯವರೇ ಆದ ಪ್ರಶಾಂತ್ ಕುಮಾರ್ ರೈ 2022ರಲ್ಲಿ ಪಾಟ್ನಾ ತಂಡದ ನಾಯಕರಾಗಿ ಫೈನಲ್ ಆಡಿದರು, ಸುಕೇಶ್ ಹೆಗ್ಡೆ ಗುಜರಾತ್ ತಂಡವನ್ನು ಮುನ್ನಡೆಸಿದರು. ಬೆಂಗಳೂರಿನ ಹೆಸರು ಹೊತ್ತ ತಂಡದಲ್ಲಿ ಕನ್ನಡ ಮಾತನಾಡುವವರನ್ನು ಬೆರಳೆಣಿಕೆಯಲ್ಲಿ ಹುಡುಕಬೇಕು. ಈ ಆವೃತ್ತಿಯಂತೂ ಹೈದರಾಬಾದ್, ನೊಯ್ಡಾ, ಪುಣೆಗಳಲ್ಲೇ ನಡೆದು ಕಂಠೀರವದಲ್ಲಿ ಒಂದು ಪಂದ್ಯವೂ ಇರಲಿಲ್ಲ. ಇನ್ನು ತವರಿನ ತಂಡ ಎನ್ನುವುದು ಯಾವ ಅರ್ಥದಲ್ಲಿ?

ಅಂಕೋಲೆಯ ಕಬಡ್ಡಿಪ್ರೇಮಿ (4 ಜನವರಿ)

ಲೆಕ್ಕಿಗರೇ, ಪವನ್ ವಿಷಯದಲ್ಲಿ ನಾನು ಸೋತೆ, ಟೈಟನ್ಸ್ ಗತಿ ನನಗೆ ಮರೆತೇ ಹೋಗಿತ್ತು. ಮಾಸ್ತರರೇ, ನಿಮ್ಮ ಮಾತು ಓದಿದಾಗ ನಮ್ಮೂರಿನದೇ ಒಂದು ಘಟನೆ ನೆನಪಾಯಿತು.

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಬಯಲಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯುತ್ತದೆ. ಕೆಂಪು ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು ಸಮ ಮಾಡಿ, ಸುಣ್ಣದ ಗೆರೆ ಎಳೆಯುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದವರು ಕಪ್ ಗೆಲ್ಲಲೇಬೇಕೆಂಬ ಹಟದಲ್ಲಿ ಒಂದು ರಾತ್ರಿಗೆ ಐದು ಸಾವಿರ ರೂಪಾಯಿ, ಊಟ, ಬಸ್ ಖರ್ಚು ಕೊಟ್ಟು ಘಟ್ಟದ ಮೇಲಿಂದ ಒಬ್ಬ ಅತಿಥಿ ರೇಡರ್‌ನನ್ನು ಕರೆತಂದರು. ನಮ್ಮದೇ ಕೇರಿಯ ಹುಡುಗನೊಬ್ಬ, ಎಡ ಕಾರ್ನರಿನವನು ಕಣ್ಣು ಮಿಟುಕಿಸಿದರೆ ಸಾಕು ಕೈಕೈ ಹಿಡಿದು ಚೈನ್ ಕಟ್ಟಬೇಕೋ ಹಿಂದೆ ಸರಿಯಬೇಕೋ ಎಂದು ತಿಳಿಯುತ್ತಿದ್ದವನು, ಅಂದು ನೀರಿನ ಬಾಟಲಿ ಹಿಡಿದು ಗೆರೆಯ ಹೊರಗೆ ಕುಳಿತ. ಅತಿಥಿಯೋ ಮ್ಯಾಟ್ ಮೇಲೆ ಆಡಿ ಪಳಗಿದವನು. ಇಬ್ಬನಿ ಬಿದ್ದು ಮಣ್ಣು ಜಾರುತ್ತಿತ್ತು. ಮೊದಲ ರೇಡ್‌ನಲ್ಲೇ ಕಾಲು ಚಾಚಿ ಬೆರಳು ತಾಗಿಸಲು ಹೋದವನ ಇನ್ನೊಂದು ಪಾದ ಜಾರಿ, ಬೋನಸ್ ಗೆರೆಯ ಸುಣ್ಣವೆಲ್ಲ ಅವನ ತೊಡೆಗೆ ಮೆತ್ತಿಕೊಂಡಿತು. ಮೇಲೆ ನಾಲ್ವರು ಬಿದ್ದರು. ಎರಡನೇ ಸುತ್ತಿನಲ್ಲೇ ನಾವು ಮನೆಗೆ ಹೋದೆವು. ಆ ಹುಡುಗ ಮರುವರ್ಷದಿಂದ ಪಕ್ಕದ ಊರಿನ ತಂಡಕ್ಕೆ ಆಡುತ್ತಿದ್ದಾನೆ. ಅವನನ್ನು ದೂರುವ ಬಾಯಿ ನಮಗಿಲ್ಲ.

ಅತಿಥಿಯೂ ಕೆಟ್ಟ ಆಟಗಾರನೇನಲ್ಲ. ನಮ್ಮ ಮಣ್ಣಿಗೆ, ನಮ್ಮ ಚೈನಿಗೆ ಅವನು ಹೊಂದುತ್ತಾನೆಯೇ ಎಂದು ಯಾರೂ ಕೇಳಿರಲಿಲ್ಲ, ಅಷ್ಟೆ. ಪರ್ದೀಪ್ ವಿಷಯದಲ್ಲೂ ನನ್ನ ಸಿಟ್ಟು ಅವರ ಮೇಲಲ್ಲ, ಅವರನ್ನು ತಂದವರ ಮೇಲೆ.

ಶಿರಸಿಯ ಲೆಕ್ಕಿಗ (9 ನವೆಂಬರ್ 2025)

ಹಳೆಯ ಚರ್ಚೆಯನ್ನು ಮತ್ತೆ ತೆರೆಯುತ್ತಿದ್ದೇನೆ, ಏಕೆಂದರೆ ಇದಕ್ಕೆ ಉತ್ತರ ಭಾಗಶಃ ಸಿಕ್ಕಿದೆ. ಈ ವರ್ಷದ ಹರಾಜಿನಲ್ಲಿ ಪರ್ದೀಪ್ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ, ಕೆಲವೇ ದಿನಗಳಲ್ಲಿ ಅವರು ನಿವೃತ್ತಿ ಘೋಷಿಸಿದರು. ಲೀಗಿನಲ್ಲಿ ಅತಿ ಹೆಚ್ಚು ರೇಡ್ ಅಂಕ ಗಳಿಸಿದವರು ಹಾಗೆ ಹೋಗಬೇಕಾಗಿ ಬಂದದ್ದು ನನಗೂ ನೋವು ತಂದಿತು. ಬುಲ್ಸ್ ಮಟ್ಟಿಗೆ, ಬೆಂಗಾಲ್ ಮತ್ತು ಪುಣೆ ತಂಡಗಳಿಗೆ ಪ್ರಶಸ್ತಿ ಗೆಲ್ಲಿಸಿದ ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಕೋಟಿ ದಾಟಿದ ಬೆಲೆ ಈ ಸಲ ಸಂದದ್ದು ಡಿಫೆಂಡರ್ ಯೋಗೇಶ್ ಅವರಿಗೆ, 1.125 ಕೋಟಿ. ರೇಡಿಂಗ್ ಭಾರವನ್ನು ಇರಾನಿನ ಅಲಿರೆಜಾ ಮಿರ್ಜಾಯಿಯನ್ ಹೊತ್ತರು. ಆರಂಭದಲ್ಲಿ ಎಡವಿದರೂ ತಂಡ ಲೀಗ್ ಹಂತವನ್ನು ಮೂರನೆಯದಾಗಿ ಮುಗಿಸಿ ಪ್ಲೇಆಫ್ ಆಡಿತು. ಹನ್ನೆರಡರಿಂದ ಮೂರಕ್ಕೆ ಏರಿದ್ದೇವೆ ಎಂದ ಮೇಲೆ ಹರಾಜಿನ ಬಗ್ಗೆ ಅಂದು ಬೈದದ್ದರಲ್ಲಿ ಹುರುಳಿತ್ತು.

ಅಂಕೋಲೆಯ ಕಬಡ್ಡಿಪ್ರೇಮಿ (9 ನವೆಂಬರ್ 2025)

ಹುರುಳಿತ್ತೆಂದು ಒಪ್ಪಿದ್ದಕ್ಕೆ ಧನ್ಯವಾದ. ಆದರೂ ನನಗೆ ಭಯ ಹೋಗಿಲ್ಲ: ಮುಂದಿನ ಹರಾಜಿಗೆ ಮೊದಲು ಮಿರ್ಜಾಯಿಯನ್ ಅವರನ್ನು ಉಳಿಸಿಕೊಳ್ಳುತ್ತಾರೋ, ಭರತ್ ಅವರಂತೆ ಬೇರೆಯವರ ಕೈಗೆ ಒಪ್ಪಿಸುತ್ತಾರೋ ನೋಡಬೇಕು. ಅಂದಹಾಗೆ, ನಮ್ಮೂರ ಪಂದ್ಯಾವಳಿಯ ಕರಪತ್ರ ನಿನ್ನೆ ಅಚ್ಚಿಗೆ ಹೋಯಿತು. ಒಂದು ತಂಡಕ್ಕೆ ಇಬ್ಬರೇ ಅತಿಥಿ ಆಟಗಾರರು ಎಂಬ ನಿಯಮವನ್ನು ಪ್ರವೇಶ ಶುಲ್ಕದ ಕೆಳಗೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇವೆ. ಮಾಸ್ತರರು ಬಿಡುವು ಮಾಡಿಕೊಂಡು ಬಂದರೆ ತೀರ್ಪುಗಾರರ ಕುರ್ಚಿಯ ಪಕ್ಕದಲ್ಲೇ ಅವರಿಗೊಂದು ಜಾಗ ಇಟ್ಟಿರುತ್ತೇನೆ.