2024ರ ರೂಕಿ ಪ್ರಶಸ್ತಿ: ಸ್ಕೀನ್ಸ್‌ಗೆ ಸಂದದ್ದು ಸರಿಯೇ, ಮೆರಿಲ್‌ಗೆ ಸಲ್ಲಬೇಕಿತ್ತೇ?

ಪ್ರಶ್ನೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗ್‌ನ 2024ರ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸ ಆಟಗಾರ) ಪ್ರಶಸ್ತಿ ಪೈರೇಟ್ಸ್ ತಂಡದ ಪಿಚರ್ (ಚೆಂಡೆಸೆಯುವವರು) ಪಾಲ್ ಸ್ಕೀನ್ಸ್‌ಗೆ ಹೋಯಿತು. ಅವರು ಮೊದಲ ಪಂದ್ಯ ಆಡಿದ್ದೇ ಮೇ 11ಕ್ಕೆ, ಒಟ್ಟು ಆಡಿದ್ದು 23 ಪಂದ್ಯ. ಪ್ಯಾಡ್ರೆಸ್‌ನ ಜಾಕ್ಸನ್ ಮೆರಿಲ್ 156 ಪಂದ್ಯ ಆಡಿದ್ದಾರೆ: ಬ್ಯಾಟಿಂಗ್ ಸರಾಸರಿ .292, 24 ಹೋಮ್ ರನ್, 90 ಆರ್‌ಬಿಐ (ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್). ದಿನಾ ಮೈದಾನಕ್ಕಿಳಿದವರನ್ನು ಬಿಟ್ಟು ಐದಾರು ದಿನಕ್ಕೊಮ್ಮೆ ಬರುವವರಿಗೆ ಕೊಟ್ಟದ್ದು ಯಾವ ಲೆಕ್ಕ?

ಉತ್ತರ 1

ಪಂದ್ಯಗಳನ್ನು ಎಣಿಸಿದರೆ ಪಿಚರ್‌ಗೆ ಯಾವತ್ತೂ ಅನ್ಯಾಯವೇ. ಎದುರಾಟಗಳನ್ನು ಎಣಿಸಿ. ಮೆರಿಲ್ ಬ್ಯಾಟ್ ಹಿಡಿದು ನಿಂತದ್ದು 593 ಸಲ. ಸ್ಕೀನ್ಸ್ ಎದುರಿಸಿದ ಬ್ಯಾಟರ್‌ಗಳು 514. ಅಂತರ ಅಷ್ಟೇ. ಆ 514ರಲ್ಲಿ 170 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಬೇಸ್) ಕೊಟ್ಟದ್ದು ಬರೀ 32. 133 ಇನ್ನಿಂಗ್ಸ್‌ಗೆ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, ಕಡಿಮೆಯಿದ್ದಷ್ಟು ಒಳ್ಳೆಯದು) 1.96. ಆಲ್‌ಸ್ಟಾರ್ ಪಂದ್ಯದಲ್ಲಿ ನ್ಯಾಷನಲ್ ಲೀಗ್ ಪರ ಪಿಚಿಂಗ್ ಶುರುಮಾಡಿದ್ದೂ ಈ ಹೊಸಬರೇ. ನನ್ನ ಓಟು ಸ್ಕೀನ್ಸ್‌ಗೆ.

ಉತ್ತರ 2

ಆ ಲೆಕ್ಕದಲ್ಲಿ ಫೀಲ್ಡಿಂಗ್ ಬಿಟ್ಟುಹೋಗಿದೆ. ಮೆರಿಲ್ ಮೂಲತಃ ಶಾರ್ಟ್‌ಸ್ಟಾಪ್ (ಎರಡನೇ-ಮೂರನೇ ಬೇಸ್ ನಡುವಿನ ಫೀಲ್ಡರ್). ಕೆಳಹಂತದ ಲೀಗ್‌ಗಳಲ್ಲಿ ಡಬಲ್-ಎ ದಾಟಿ, ಅದರ ಮೇಲಿನ ಟ್ರಿಪಲ್-ಎ ಮೆಟ್ಟಿಲು ಹತ್ತದೆ ನೇರ ಮೇಜರ್ ಲೀಗ್‌ಗೆ ಬಂದು, ಸೆಂಟರ್ ಫೀಲ್ಡ್‌ನಂಥ ಕಷ್ಟದ ಜಾಗವನ್ನು ಇಡೀ ಸೀಸನ್ ಕಾಯ್ದರು. ಅದೂ ಪಿಚರ್‌ಗಳಿಗೆ ಅನುಕೂಲವಾದ ಪೆಟ್ಕೊ ಪಾರ್ಕನ್ನು ತವರಾಗಿಟ್ಟುಕೊಂಡು .500 ಸ್ಲಗ್ಗಿಂಗ್ (ದೊಡ್ಡ ಹೊಡೆತಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ)! ವಾಕ್ ಕಡಿಮೆ, ಹಾಗಾಗಿ ಆನ್-ಬೇಸ್ (ಔಟಾಗದೆ ಬೇಸ್ ತಲುಪಿದ ಪ್ರಮಾಣ) .326ಕ್ಕೇ ನಿಂತಿತು, ಆ ಕೊರತೆ ನಿಜ.

ವಾರ್ (WAR, ಸಾಧಾರಣ ಬದಲಿ ಆಟಗಾರನಿಗಿಂತ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದರು ಎಂಬ ಅಂದಾಜು) ನೋಡುವವರು ಒಂದೇ ಸೈಟ್ ನೋಡಿ ತೀರ್ಪು ಕೊಡಬೇಡಿ. ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ ಸ್ಕೀನ್ಸ್ ಮುಂದೆ, ಫ್ಯಾನ್‌ಗ್ರಾಫ್ಸ್‌ನಲ್ಲಿ ಮೆರಿಲ್ ಮುಂದೆ. ಮೊದಲನೆಯದು ಪಿಚರ್ ಬಿಟ್ಟುಕೊಟ್ಟ ರನ್‌ಗಳಿಂದ ಶುರುಮಾಡುತ್ತದೆ. ಎರಡನೆಯದು ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ಇವನ್ನೇ ನೆಚ್ಚುತ್ತದೆ. ಆ ಅಳತೆಯಲ್ಲೂ ಸ್ಕೀನ್ಸ್ ಅದ್ಭುತವೇ, ಆದರೆ 1.96ರಷ್ಟು ಅಲ್ಲ. ಇನ್ನೊಂದು ಮಾತು: ಲೀಗ್‌ನ ಅತಿ ಕಡಿಮೆ ಇಆರ್‌ಎ ಪಟ್ಟಕ್ಕೆ ಬೇಕಾದ 162 ಇನ್ನಿಂಗ್ಸ್ ಅವರಿಗೆ ಆಗಿರಲಿಲ್ಲ. ನಾನಂತೂ ಮೆರಿಲ್ ಕಡೆ.

ಉತ್ತರ 3

ಓಟಿನ ಕ್ರಮ ಗೊತ್ತಿದ್ದರೆ ಫಲಿತಾಂಶ ಸ್ಪಷ್ಟವಾಗುತ್ತದೆ. 2024ರಲ್ಲಿ ಪ್ರತಿ ಲೀಗ್‌ಗೆ 30 ಪತ್ರಕರ್ತರು, ತಲಾ ಮೂರು ಹೆಸರು ಬರೆಯಬೇಕಿತ್ತು, ಸ್ಥಾನಕ್ಕೆ ತಕ್ಕಂತೆ ಅಂಕ 5-3-1. ಸ್ಕೀನ್ಸ್‌ಗೆ 23 ಮೊದಲ ಸ್ಥಾನ, ಮೆರಿಲ್‌ಗೆ 7, ಅಂಕ 136-104. ಗುಣಿಸಿ ನೋಡಿ: ಮೂವತ್ತೂ ಜನ ಮೊದಲೆರಡು ಸ್ಥಾನಕ್ಕೆ ಇವರಿಬ್ಬರನ್ನೇ ಬರೆದಿದ್ದಾರೆ. ಮೆರಿಲ್‌ರನ್ನು ಯಾರೂ ಕಡೆಗಣಿಸಿಲ್ಲ. ನಿಜವಾದ ಜಿದ್ದಾಜಿದ್ದಿ ಅದೇ ವರ್ಷ ಅಮೆರಿಕನ್ ಲೀಗ್‌ನಲ್ಲಿತ್ತು. ಅಲ್ಲಿ ಲೂಯಿಸ್ ಹಿಲ್ ಗೆದ್ದದ್ದು ಕೋಲ್ಟನ್ ಕೌಸರ್‌ಗಿಂತ 5 ಅಂಕ ಹೆಚ್ಚು ಪಡೆದು.

ಪೋಸ್ಟ್‌ಸೀಸನ್ (ಲೀಗ್ ಹಂತದ ನಂತರದ ನಾಕೌಟ್) ಆಟವನ್ನು ಈ ಚರ್ಚೆಗೆ ತರಬೇಡಿ, ಓಟು ಅದಕ್ಕೂ ಮೊದಲೇ ಮುಗಿದಿರುತ್ತದೆ.

ಉತ್ತರ 4

ಇದು ಬರೀ ಗೌರವದ ಪ್ರಶ್ನೆಯಲ್ಲ. ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದ ಪ್ರಕಾರ, ತಡವಾಗಿ ಕರೆಬಂದ ಅಗ್ರ ಶ್ರೇಯಾಂಕದ ಹೊಸಬರು ಈ ಮತದಾನದಲ್ಲಿ ಮೊದಲೆರಡರೊಳಗೆ ಬಂದರೆ ಪೂರ್ತಿ ಒಂದು ವರ್ಷದ ಸೇವಾವಧಿ ಸಿಗುತ್ತಿತ್ತು. ಸ್ಕೀನ್ಸ್‌ಗೆ ಸಿಕ್ಕಿತು. ಸೇವಾವಧಿ ಆರು ವರ್ಷ ತುಂಬಿದರೆ ಫ್ರೀ ಏಜೆನ್ಸಿ (ಯಾವ ತಂಡದ ಜೊತೆಗೂ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ), ಹಾಗಾಗಿ ಅವರ ದಾರಿ ಒಂದು ವರ್ಷ ಹತ್ತಿರವಾಯಿತು. ಅದಕ್ಕೆ ಎರಡನೇ ಸ್ಥಾನವೂ ಸಾಕಿತ್ತು ಅನ್ನುವುದನ್ನೂ ಗಮನಿಸಿ.