ಹಳೇ ಪೆಟ್ರೋಲ್ ಪಿಕಪ್ ಟ್ರಕ್: ಯಾವ ಇಂಜಿನ್ ನಂಬಬಹುದು?

ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ ಹುಡುಕುತ್ತಿದ್ದೇನೆ. ಪೆಟ್ರೋಲ್ ಇಂಜಿನ್ನೇ ಬೇಕು, ಡೀಸೆಲ್ ಬೇಡ. ದಿನದ ಓಡಾಟ, ಆಗಾಗ ಒಂದು ಟ್ರೇಲರ್ ಎಳೆಯುವುದು, ಅಷ್ಟೇ ಕೆಲಸ. ಕೈಗೆಟಕುವುದೆಲ್ಲ ಲಕ್ಷ ಮೈಲಿ ದಾಟಿದ ಗಾಡಿಗಳೇ. ಫೋರ್ಡ್ ಎಫ್-150, ಶೆವಿ ಸಿಲ್ವೆರಾಡೊ, ರ‍್ಯಾಮ್ 1500, ಟೊಯೊಟಾ ಟಂಡ್ರಾ ನಾಲ್ಕನ್ನೂ ನೋಡಿ ನೋಡಿ ತಲೆ ಕೆಟ್ಟಿದೆ. ಯಾವ ಇಂಜಿನ್ನಿಗೆ ಏನು ಕಾಯಿಲೆ? ನೋಡಲು ಹೋದಾಗ ಏನು ಗಮನಿಸಬೇಕು? ಓಡಿಸಿದವರು, ಬಿಚ್ಚಿ ರಿಪೇರಿ ಮಾಡಿದವರು ದಯವಿಟ್ಟು ಹೇಳಿ.

* * *

ಕಂಪನಿ ಹೆಸರು ಹಿಡಿದು ಹುಡುಕಬೇಡಿ ಸಾರ್, ಇಂಜಿನ್ ಹಿಡಿದು ಹುಡುಕಿ. ಒಂದೇ ಎಫ್-150ಯಲ್ಲಿ ಒಂದೇ ವರ್ಷ ಮೂರು ನಾಲ್ಕು ಥರದ ಇಂಜಿನ್ ಬಂದಿವೆ. ಒಂದು ಬಂಗಾರ, ಇನ್ನೊಂದು ತಲೆನೋವು. ಮಾರುವವರಿಗೇ ಎಷ್ಟೋ ಸಲ ತಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಸರಿಯಾಗಿ ಗೊತ್ತಿರುವುದಿಲ್ಲ. ವಿಐಎನ್ ನಂಬರಿನ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಎಂಟನೇ ಅಕ್ಷರ ನೋಡಿದರೆ ಇಂಜಿನ್ ಯಾವುದೆಂದು ತಿಳಿಯುತ್ತದೆ.

ಫೋರ್ಡ್ ಇಂಜಿನ್‌ಗಳನ್ನು ಬಿಚ್ಚಿ ನನಗೆ ಅಭ್ಯಾಸ, ಅದನ್ನೇ ಹೇಳುತ್ತೇನೆ. 2004ರ ಹೊಸ ಮಾಡೆಲಿನಿಂದ 2010ರವರೆಗೆ ಬಂದ 5.4 ಲೀಟರ್ ಮೂರು ವಾಲ್ವ್ ವಿ8 ಇದೆಯಲ್ಲ, ಅದರ ಹತ್ತಿರ ಹುಷಾರಾಗಿ ಹೋಗಿ. ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್‌ನ ಸೀಲ್ ಹೋಗಿ ಆಯಿಲ್ ಪ್ರೆಷರ್ ಸೋರುತ್ತದೆ. ಪ್ರೆಷರ್ ಇಳಿದರೆ ವಾಲ್ವ್ ತೆರೆಯುವ ಸಮಯ ಹೊಂದಿಸುವ ಕ್ಯಾಮ್ ಫೇಸರ್ ಬಡಿಯಲು ಶುರು. ಚೈನಿನ ಪ್ಲಾಸ್ಟಿಕ್ ಗೈಡ್ ಮುರಿದು ಚೂರು ಚೂರಾಗಿ ಆಯಿಲ್ ಪ್ಯಾನಿಗೆ ಬೀಳುತ್ತದೆ. ಈ ಇಂಜಿನ್ನಿನ ಒಂದು ಕಪಟ ಏನೆಂದರೆ, ತಣ್ಣಗಿರುವಾಗ ಸುಮ್ಮನಿರುತ್ತದೆ. ಆಗ ಆಯಿಲ್ ದಪ್ಪ, ಪ್ರೆಷರ್ ಚೆನ್ನಾಗಿರುತ್ತದೆ. ಅರ್ಧ ಗಂಟೆ ಓಡಿಸಿ, ಪೂರ್ತಿ ಬಿಸಿಯಾದ ಮೇಲೆ ಗೇರ್ ಡ್ರೈವ್‌ನಲ್ಲೇ ಇಟ್ಟು, ಬ್ರೇಕ್ ಹಿಡಿದು ನಿಲ್ಲಿಸಿ ಕೇಳಿ. ಡೀಸೆಲ್ ಗಾಡಿ ಥರ ಟಕಟಕ ಅಂದರೆ ಮುಂದಿನ ಗಾಡಿ ನೋಡಿ.

ಸ್ಪಾರ್ಕ್ ಪ್ಲಗ್ ಕಥೆ ಬೇರೆಯೇ. ಈ ಇಂಜಿನ್ನಿನಲ್ಲಿ ಸುಮಾರು 2007ರ ಕೊನೆಯವರೆಗೆ ಬಂದ ಪ್ಲಗ್ಗು ಎರಡು ಭಾಗದ್ದು, ಉದ್ದ. ತುದಿಗೆ ಕಾರ್ಬನ್ ಕಟ್ಟಿಕೊಂಡು ಬಿಚ್ಚುವಾಗ ಅರ್ಧ ಕೈಗೆ ಬರುತ್ತದೆ, ಅರ್ಧ ಹೆಡ್ಡಿನೊಳಗೇ (ಸಿಲಿಂಡರ್ ಮೇಲಿನ ಮುಚ್ಚಳದ ಭಾಗ) ಉಳಿಯುತ್ತದೆ. ಅದನ್ನು ತೆಗೆಯಲೆಂದೇ ಪ್ರತ್ಯೇಕ ಟೂಲ್ ಮಾರುತ್ತಾರೆ ಅಂದರೆ ಊಹಿಸಿಕೊಳ್ಳಿ. ಅದಕ್ಕೂ ಹಿಂದಿನ ಎರಡು ವಾಲ್ವ್ 4.6 ಮತ್ತು 5.4ರಲ್ಲಿ ಉಲ್ಟಾ ಸಮಸ್ಯೆ. ಹಲವು ಹೆಡ್‌ಗಳಲ್ಲಿ ಪ್ಲಗ್ ಹಿಡಿಯುವ ಥ್ರೆಡ್ ಬಹಳ ಕಮ್ಮಿ, ಓಡುತ್ತಿರುವಾಗಲೇ ಪ್ಲಗ್ ಹಾರಿ ಹೊರಗೆ ಬರುತ್ತಿತ್ತು. ಒಳ್ಳೇ ಥ್ರೆಡ್ ಇನ್ಸರ್ಟ್ ಹಾಕಿಸಿದ್ದರೆ ಭಯವಿಲ್ಲ. ಉಳಿದಂತೆ ಆ ಹಳೇ 4.6ರಲ್ಲಿ ಕುದುರೆ ಶಕ್ತಿ ಕಮ್ಮಿ, ಆಯುಸ್ಸು ಜಾಸ್ತಿ.

2011ರಿಂದ ಬಂದ 5.0 ನನ್ನ ಮೆಚ್ಚಿನದು. ಮೊದಲ ಏಳು ವರ್ಷದವು ನೋಡಿ. 2018ರಿಂದ 2020ರ ಕೆಲವು ಗಾಡಿಗಳು ಆಯಿಲ್ ಕುಡಿಯುತ್ತವೆಂದು ದೂರು ಬಂದಿತ್ತು. 3.5 ಇಕೋಬೂಸ್ಟ್ ಟರ್ಬೊ ಎಳೆಯುವುದರಲ್ಲಿ ರಾಜ, ಆದರೆ ಆಯಿಲ್ ತಡವಾಗಿ ಬದಲಿಸಿದವರ ಗಾಡಿಯಲ್ಲಿ ಚೈನ್ ಉದ್ದ ಆಗುತ್ತದೆ. 2017ರಿಂದ 2020ರದ್ದರಲ್ಲಿ ಫೇಸರ್ ಶಬ್ದ ಬರುವುದು ತಣ್ಣಗೆ ಸ್ಟಾರ್ಟ್ ಮಾಡಿದಾಗ. 5.4ಕ್ಕೆ ಹೇಳಿದ್ದಕ್ಕೆ ತದ್ವಿರುದ್ಧ ನೋಡಿ. ಫೇಸರ್ ಬದಲಾಗಿದೆಯಾ ಅಂತ ಬಿಲ್ ಕೇಳಿ.

* * *

ಮೇಲಿನವರು ಹೇಳಿದ್ದು ಸರಿ. ಸಿಲ್ವೆರಾಡೊ ಬಗ್ಗೆ ನಾನು ಸೇರಿಸುತ್ತೇನೆ. 1999ರಿಂದ 2006ರವರೆಗಿನ 5.3 ಅಂದರೆ ಸುಮ್ನೆ ಕಣ್ಣು ಮುಚ್ಚಿ ನಂಬಬಹುದಾದ ಇಂಜಿನ್. ಬೆಳಿಗ್ಗೆ ಪಿಸ್ಟನ್ ಸ್ವಲ್ಪ ಬಡಿಯುತ್ತದೆ, ಬಿಸಿಯಾದರೆ ನಿಲ್ಲುತ್ತದೆ, ಅದು ಅದರ ಸ್ವಭಾವ. ಒಂದೇ ಎಚ್ಚರಿಕೆ, ಕೂಲೆಂಟ್ ಹೊರಗೆಲ್ಲೂ ಸೋರದೆ ಕಮ್ಮಿಯಾಗುತ್ತಿದ್ದರೆ ಆ ಗಾಡಿ ಬೇಡ. ಆ ಕಾಲದ ಕೆಲವು ಹೆಡ್‌ಗಳು ಒಳಗೇ ಬಿರುಕು ಬಿಡುತ್ತಿದ್ದವು.

2007ರಿಂದ ಕಥೆ ಬದಲಾಯಿತು. ಪೆಟ್ರೋಲ್ ಉಳಿಸಲು ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಸುವ ಎಎಫ್ಎಂ ವ್ಯವಸ್ಥೆ ಬಂತು. ಮಲಗುವುದು 1, 4, 6, 7ನೇ ಸಿಲಿಂಡರ್‌ಗಳು. ಅವುಗಳ ಲಿಫ್ಟರ್ (ಕ್ಯಾಮ್ ತಳ್ಳಿದಾಗ ವಾಲ್ವ್ ತೆರೆಸುವ ಭಾಗ) ಒಳಗೆ ಒಂದು ಲಾಕ್ ಪಿನ್ ಇರುತ್ತದೆ, ಆಯಿಲ್ ಪ್ರೆಷರಿನಿಂದ ಕೆಲಸ ಮಾಡುತ್ತದೆ. ಆಯಿಲ್ ಕೊಳಕಾದರೆ, ಕಮ್ಮಿಯಾದರೆ ಅದು ಸಿಕ್ಕಿಕೊಳ್ಳುತ್ತದೆ. ಲಿಫ್ಟರ್ ಹೋದರೆ ಕ್ಯಾಮನ್ನೂ ತಿನ್ನುತ್ತದೆ. ಹೆಡ್ ಇಳಿಸದೆ ರಿಪೇರಿ ಇಲ್ಲ. ಸ್ಕ್ಯಾನರಿನಲ್ಲಿ ಆ ಸಿಲಿಂಡರ್‌ಗಳು ಸರಿಯಾಗಿ ಉರಿಯುತ್ತಿಲ್ಲ ಎನ್ನುವ ಕೋಡ್‌ಗಳಾದ ಪಿ0301, ಪಿ0304, ಪಿ0306, ಪಿ0307 ಇವುಗಳಲ್ಲಿ ಯಾವುದಾದರೂ ಕಂಡು, ಪ್ಲಗ್ ಕಾಯಿಲ್ ಬದಲಿಸಿದರೂ ಮಿಸ್ ಹೊಡೆಯುತ್ತಿದ್ದರೆ ಅನುಮಾನ ಲಿಫ್ಟರ್ ಮೇಲೇ ಹೋಗಬೇಕು.

ಇದರ ಜೊತೆ ಆಯಿಲ್ ಕುಡಿಯುವ ರೋಗ. ಎಎಫ್ಎಂನ ಪ್ರೆಷರ್ ವಾಲ್ವ್ ಆಯಿಲ್ ಪ್ಯಾನಿನಲ್ಲಿ ಕೂತು ಸಿಲಿಂಡರ್ ಗೋಡೆಗೆ ಆಯಿಲ್ ಚಿಮ್ಮಿಸುತ್ತಿತ್ತು, ರಿಂಗ್‌ಗೆ ಕಾರ್ಬನ್ ಕಟ್ಟುತ್ತಿತ್ತು. ಆಮೇಲೆ ಕಂಪನಿಯೇ ಅದಕ್ಕೊಂದು ತಗಡಿನ ಅಡ್ಡ ಕೊಟ್ಟಿತು. ನೋಡಲು ಹೋದಾಗ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿ. ಕಡ್ಡಿ ಒಣಗಿದ್ದರೆ ಮಾತೇ ಬೇಡ.

ಹೊಸದು ಅಂದರೆ ಸುರಕ್ಷಿತ ಅಂದುಕೊಳ್ಳಬೇಡಿ. 2021ರಿಂದ 2024ರ 6.2 ವಿ8ನ್ನು 2025ರ ಏಪ್ರಿಲ್‌ನಲ್ಲಿ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ದೋಷಕ್ಕೆ ವಾಪಸ್ ಕರೆದರು. ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿ. ರಿಕಾಲ್ ಕೆಲಸ ಆಗಿದೆಯಾ ಎಂದು ವಿಐಎನ್ ಹಾಕಿ ನೋಡುವುದು ಪುಕ್ಕಟೆ ಕೆಲಸ. ಎಷ್ಟೋ ಜನ ಮಾಡುವುದಿಲ್ಲ.

* * *

ರ‍್ಯಾಮ್ 5.7 ಹೆಮಿ: ಎಲ್ಲರೂ "ಹೆಮಿ ಟಿಕ್" ಅಂತ ಹೆದರಿಸುತ್ತಾರೆ. ಟಿಕ್ ಟಿಕ್ ಎರಡು ಥರ ಇದೆ. ತಣ್ಣಗಿರುವಾಗ ಜೋರಾಗಿದ್ದು ಬಿಸಿಯಾದ ಮೇಲೆ ಕಮ್ಮಿಯಾದರೆ ಬಹುಪಾಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನಿಂದ ಹೊಗೆ ಹೊರಹೋಗುವ ಕೊಳವೆ) ಬೋಲ್ಟ್ ಮುರಿದಿರುತ್ತದೆ. ಲೋಹ ಬಿಸಿಗೆ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ. ಟಾರ್ಚ್ ಹಿಡಿದು ಹಿಂದಿನ ಬೋಲ್ಟ್‌ಗಳನ್ನು ನೋಡಿ. ಬಿಸಿಯಾದರೂ ನಿಲ್ಲದೆ, ವೇಗಕ್ಕೆ ತಕ್ಕ ಹಾಗೆ ಜಾಸ್ತಿಯಾದರೆ ಲಿಫ್ಟರ್ ರೋಲರ್ ಹೋಗುತ್ತಿದೆ. ಮೊದಲನೆಯದಕ್ಕೆ ಚೌಕಾಸಿ ಮಾಡಿ ತೆಗೆದುಕೊಳ್ಳಬಹುದು. ಎರಡನೆಯದಕ್ಕೆ ಬೇಡ.

ಇನ್ನೊಂದು, ಹದಿನಾರು ಪ್ಲಗ್ ಇವೆ. ಸಿಲಿಂಡರಿಗೆ ಎರಡು. ಎಂಟೇ ಬದಲಿಸಿ ಬಿಲ್ ತೋರಿಸುವವರೂ ಇದ್ದಾರೆ!

* * *

ನನ್ನ ಮನೆಯಲ್ಲಿ ಟಂಡ್ರಾ 5.7 ಇದೆ. ಈ ಇಂಜಿನ್ ಬಂದದ್ದು 2007ರಿಂದ 2021ರವರೆಗೆ. ಬೇರೆಯವರ ಹಾಗೆ ಬರೆಯಲು ನನ್ನ ಹತ್ತಿರ ದೊಡ್ಡ ಕಥೆ ಇಲ್ಲ. ಆಯಿಲ್ ಹಾಕುತ್ತೇನೆ, ಓಡುತ್ತದೆ. ಈ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು ವಾಟರ್ ಪಂಪ್ ಸೋರುವುದು, ಕ್ಯಾಮ್ ಟವರ್ ಸಂದಿಯಲ್ಲಿ ಆಯಿಲ್ ಜಿನುಗುವುದು, ಹೊಗೆ ಶುದ್ಧವಾಗಲು ಗಾಳಿ ಊದುವ ಸೆಕೆಂಡರಿ ಏರ್ ಪಂಪ್ ಕೈಕೊಡುವುದು. ಕೊನೆಯದು ಇಂಜಿನ್ ಕೆಡಿಸುವುದಿಲ್ಲ, ಆದರೆ ಗಾಡಿಯನ್ನು ಲಿಂಪ್ ಮೋಡಿಗೆ (ಶಕ್ತಿ ಇಳಿಸಿ ನಿಧಾನಕ್ಕೆ ಓಡುವ ಸ್ಥಿತಿ) ತಳ್ಳುತ್ತದೆ, ರಿಪೇರಿ ದುಬಾರಿ. ಹಳೇ 4.7 ಆದರೆ ಚೈನ್ ಅಲ್ಲ, ಟೈಮಿಂಗ್ ಬೆಲ್ಟ್. 90 ಸಾವಿರ ಮೈಲಿಗೆ ಬದಲಿಸಬೇಕು. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಾಕಿ. ಮತ್ತೆ ಆ ಹಳೇ ಟಂಡ್ರಾಗಳ ಅಡಿಯಲ್ಲಿ ಮಲಗಿ ಫ್ರೇಮ್ ನೋಡಿ. ಇಂಜಿನ್ ಗಟ್ಟಿ ಇದ್ದು ಫ್ರೇಮ್ ತುಕ್ಕು ಹಿಡಿದು ಹೋದ ಗಾಡಿಗಳು ಬೇಕಾದಷ್ಟಿವೆ.

* * *

ಕೇಳಿದವರು ಲಕ್ಷ ಮೈಲಿ ಎಂದು ಹೆದರಿದ ಹಾಗಿದೆ. ಮೈಲಿಗಿಂತ ಗಂಟೆ ನೋಡಿ. ಬಹಳಷ್ಟು ಟ್ರಕ್‌ಗಳ ಡಿಸ್‌ಪ್ಲೇಯಲ್ಲಿ ಇಂಜಿನ್ ಅವರ್ಸ್ ಸಿಗುತ್ತದೆ. 1,20,000 ಮೈಲಿಗೆ 3,000 ಗಂಟೆ ಆಗಿದ್ದರೆ ಸರಾಸರಿ ಗಂಟೆಗೆ 40 ಮೈಲಿ, ಅಂದರೆ ಹೈವೇಯಲ್ಲಿ ಓಡಿದ ಗಾಡಿ. ಅಷ್ಟೇ ಮೈಲಿಗೆ 6,000 ಗಂಟೆ ಇದ್ದರೆ ಸರಾಸರಿ 20. ನಿಂತಲ್ಲೇ ಇಂಜಿನ್ ಓಡಿಸಿಟ್ಟ ಕೆಲಸದ ಗಾಡಿ ಅದು. ಮೀಟರ್ ಒಂದೇ, ಸವೆತ ಬೇರೆ.

ಮಾರುವವರಿಗೆ ಮೊದಲೇ ಹೇಳಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತಲ್ಲ, ಆದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಕ್ಯಾನರ್ ಹಾಕಿದಾಗ ಕೋಡ್ ಇಲ್ಲ ಎಂದು ಖುಷಿಪಡಬೇಡಿ. ಗಾಡಿ ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯಾ ಎಂದು ಹೇಳುವ ರೆಡಿನೆಸ್ ಮಾನಿಟರ್ ನೋಡಿ. ಹಲವು "ನಾಟ್ ರೆಡಿ" ಇದ್ದರೆ ಈಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರುವ ಅನುಮಾನ ಇದ್ದರೆ ರೇಡಿಯೇಟರ್ ಬಾಯಿಗೆ ಇಡುವ ಬ್ಲಾಕ್ ಟೆಸ್ಟ್ ಕಿಟ್ ಇದೆ. ನೀಲಿ ದ್ರವ ಹಳದಿಯಾದರೆ ಹೊಗೆ ಕೂಲೆಂಟಿಗೆ ನುಗ್ಗುತ್ತಿದೆ. ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಿರಿ.

* * *

ಎಲ್ಲರಿಗೂ ಥ್ಯಾಂಕ್ಸ್. 2012ರ 5.3 ಸಿಲ್ವೆರಾಡೊ ಒಂದು ಸಿಕ್ಕಿದೆ. ಮೊದಲಿನಿಂದ ಒಬ್ಬರದೇ ಗಾಡಿ, ಆಯಿಲ್ ಬದಲಿಸಿದ ಬಿಲ್ ಎಲ್ಲ ಇಟ್ಟಿದ್ದಾರೆ. ಎಎಫ್ಎಂ ಆಫ್ ಮಾಡುವ ಪ್ಲಗ್ (ಸ್ಪಾರ್ಕ್ ಪ್ಲಗ್ ಅಲ್ಲ, ಸ್ಕ್ಯಾನರ್ ಹಾಕುವ ಜಾಗಕ್ಕೆ ಸಿಕ್ಕಿಸುವಂಥದ್ದು) ಒಂದನ್ನು ಸಿಕ್ಕಿಸಿಕೊಂಡಿದ್ದಾರೆ. ಇದರಿಂದ ಲಿಫ್ಟರ್ ಚಿಂತೆ ತಪ್ಪುತ್ತದಾ?

* * *

ಪೂರ್ತಿ ತಪ್ಪುವುದಿಲ್ಲ. ಆ ಪ್ಲಗ್ ಎಂಟೂ ಸಿಲಿಂಡರ್ ಸದಾ ಓಡುವ ಹಾಗೆ ಮಾಡುತ್ತದೆ, ಅಷ್ಟೇ. ಒಳಗಿನ ಲಿಫ್ಟರ್‌ಗಳು ಅವೇ. ಆಗಲೇ ಸವೆದಿದ್ದರೆ ವಾಸಿ ಮಾಡುವುದಿಲ್ಲ. ಯಾವಾಗ ಹಾಕಿದರು, ಯಾಕೆ ಹಾಕಿದರು ಕೇಳಿ. ಮೊದಲೇ ಎಚ್ಚರಕ್ಕೆ ಹಾಕಿದ್ದರೆ ಒಳ್ಳೆಯದು. ಶಬ್ದ ಬಂದ ಮೇಲೆ ಹಾಕಿದ್ದರೆ ಬೇರೆ ಮಾತು. ಬಿಲ್‌ಗಳಲ್ಲಿ 5 ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಾಗಿದೆಯಾ ನೋಡಿ. ಮೇಲೆ ಹೇಳಿದ ಆ ತಗಡಿನ ಅಡ್ಡ ಹಾಕಿಸಿದ್ದಾರಾ ಅದನ್ನೂ ಕೇಳಿ. ನೋಡಲು ಹೋದಾಗ ಆ ಎಎಫ್ಎಂ ಪ್ಲಗ್ ತೆಗೆಸಿ ಒಂದು ಸುತ್ತು ಓಡಿಸಿ, ಹೈವೇಯಲ್ಲಿ ನಾಲ್ಕಕ್ಕೆ ಇಳಿದು ಎಂಟಕ್ಕೆ ಏರುವಾಗ ಮಿಸ್ ಹೊಡೆಯದಿದ್ದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಅದೂ ಸರಿ ಇದ್ದರೆ ನಾನಾದರೆ ತೆಗೆದುಕೊಳ್ಳುತ್ತೇನೆ.